ಲಕ್ಕುಂಡಿಗೆ ಸೈಕಲ್ ಮೇಲೆ: ಹೆದ್ದಾರಿಯೋ, ಕಣಗಿನಹಾಳದ ದಾರಿಯೋ?

ಹಳೆಯ ಗುಡಿ, ಬಾವಿಗಳ ಊರು ಲಕ್ಕುಂಡಿ ಗದಗಿನಿಂದ ಸುಮಾರು 12 ಕಿ.ಮೀ. ಇಷ್ಟು ದೂರಕ್ಕೆ ಹೋಲಿಕೆ ಬೇರೆ ಕೇಡು ಎಂದು ಮನೆಯಲ್ಲೇ ನಕ್ಕರು. ನಗಲಿ. ಎರಡು ಮಳೆಗಾಲ, ಎರಡು ಚಳಿಗಾಲ ಈ ದಾರಿಗಳಲ್ಲಿ ಪೆಡಲ್ ತುಳಿದವನು ನಾನು. ಯಾವ ತಿಂಗಳಲ್ಲಿ ಯಾವ ಕಡೆಯಿಂದ ಹೋದಿರಿ ಅನ್ನುವುದರ ಮೇಲೆ ಇದೇ ಊರು ಕೈಗೆ ಸಿಕ್ಕಂತೆಯೂ ಇರುತ್ತದೆ, ಕಾಶಿಯಷ್ಟು ದೂರವೂ ಆಗುತ್ತದೆ.

ಮೊದಲು ಹೆದ್ದಾರಿ. ಹೊಸಪೇಟೆ ಕಡೆಗೆ ಹೋಗುವ ನಾಲ್ಕು ಪಥದ ರಸ್ತೆ. ಡಾಂಬರು ನುಣುಪು, ಏರು ಅನ್ನುವಂಥ ಏರಿಲ್ಲ, ದಾರಿ ಕೇಳುವ ಪ್ರಸಂಗವೇ ಇಲ್ಲ. ಆಷಾಢದಲ್ಲಿ ಮೊದಲ ಸಲ ಹೋದಾಗ 35 ನಿಮಿಷಕ್ಕೆ ಲಕ್ಕುಂಡಿ ಮುಟ್ಟಿ, ಈ ವಯಸ್ಸಿನಲ್ಲೂ ಕಾಲಲ್ಲಿ ಎಷ್ಟು ಕಸುವಿದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ತಿರುಗಿ ಬರುವಾಗ ಗೊತ್ತಾಯಿತು, ಕಸುವು ನನ್ನದಲ್ಲ, ಗಾಳಿಯದು. ಮಳೆಗಾಲದಲ್ಲಿ ಇಲ್ಲಿ ಪಡುವಣ ಗಾಳಿ ಬೀಸುತ್ತದೆ. ಲಕ್ಕುಂಡಿ ಇರುವುದು ಗದಗಿನ ಮೂಡಣಕ್ಕೆ. ಹೋಗುವಾಗ ಬೆನ್ನು ತಳ್ಳಿದ್ದೇ ಬರುವಾಗ ಎದೆಗೆ ಒದೆಯಿತು. ಒಂದು ತಾಸು ಮೇಲೆ ಹಿಡಿಯಿತು. ಕಪ್ಪತಗುಡ್ಡದ ಕಡೆ ಅಷ್ಟು ಗಾಳಿಯಂತ್ರ ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಎದುರುಗಾಳಿಯಲ್ಲಿ ತಲೆ ತಗ್ಗಿಸಿ ತುಳಿಯುವಾಗ ಹದಿನಾಲ್ಕು ಗಾಲಿಯ ಲಾರಿ ಪಕ್ಕದಲ್ಲೇ ಹಾದರೆ ಸೈಕಲ್ಲನ್ನು ಒಮ್ಮೆ ಹೊರಕ್ಕೆ ನೂಕಿ ಮತ್ತೆ ಒಳಕ್ಕೆ ಎಳೆದಂತಾಗುತ್ತದೆ.

ಇನ್ನು ಬೆಟಗೇರಿ ಕಡೆಯಿಂದ ಹೊರಬಿದ್ದು ಕಣಗಿನಹಾಳದ ಮೇಲೆ ಬಳಸಿ ಹೋಗುವ ಹಳ್ಳಿ ದಾರಿ. ಈ ದಾರಿಯಲ್ಲಿ ಹೋಗಿ ಹೆದ್ದಾರಿಯಲ್ಲಿ ಮರಳಿದರೆ ಸುತ್ತು 30 ಕಿ.ಮೀ. ಆಸುಪಾಸು. ಎರಡೂ ಕಡೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಮಳೆಗಾಲದಲ್ಲಿ ಹೆಸರು, ಶೇಂಗಾ, ಉಳ್ಳಾಗಡ್ಡಿ. ಚಳಿಗಾಲದಲ್ಲಿ ಕಡ್ಲಿ, ಜ್ವಾಳ, ಕುಸುಬಿ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ನಾನು ಅಲ್ಲಿ ಚಹಾಕ್ಕೆ ನಿಂತರೆ ಹುಡುಗರು ಮುತ್ತುತ್ತಾರೆ: “ಅಣ್ಣಾರ, ಗೇರ್ ಎಷ್ಟು ಅದಾವ್ರೀ? ಎಷ್ಟಕ್ಕ ಬಿತ್ತು?” ಬೆಲೆ ಹೇಳಿದರೆ ಪಕ್ಕದ ಹಿರಿಯರು, “ಅಷ್ಟರಾಗ ಒಂದು ಎಮ್ಮಿ ಬರ್ತಿತ್ತಲ್ಲೋ ತಮ್ಮಾ” ಅನ್ನುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಈ ದಾರಿಗೂ ಅದರದೇ ತಕರಾರುಗಳಿವೆ. ಒಂದು ಮಳೆ ಬಿದ್ದರೆ ಸಾಕು, ಟ್ರ್ಯಾಕ್ಟರ್ ಗಾಲಿಗಳು ಹೊಲದ ಎರಿ ಮಣ್ಣನ್ನು ಡಾಂಬರಿನ ಮೇಲೆ ತಂದು ಬಡಿಯುತ್ತವೆ. ಶ್ರಾವಣದಲ್ಲಿ ಒಮ್ಮೆ ಮಡ್‌ಗಾರ್ಡ್ ಒಳಗೆ ಅದು ಕಣಕದಂತೆ ತುಂಬಿಕೊಂಡು ಹಿಂದಿನ ಗಾಲಿ ನಿಂತೇ ಹೋಯಿತು. ಜ್ವಾಳದ ದಂಟಿನಿಂದ ಕೆರೆದರೆ ದಂಟೇ ಮುರಿಯಿತು. ಸುಗ್ಗಿಯಲ್ಲಿ ಬೇರೆ ಪೀಡೆ. ವಾಹನ ಹಾದು ಒಕ್ಕಲಿ ಎಂದು ಕಡ್ಲಿ ಗಿಡಗಳನ್ನು ರಸ್ತೆಗೇ ಹಾಸಿರುತ್ತಾರೆ. 25 ಎಂ.ಎಂ. ಸಣ್ಣ ಟೈರು ಅದರ ಮೇಲೆ ಎಣ್ಣೆ ಸುರಿದ ಬಂಡೆಯ ಮೇಲೆ ಹೋದಂತೆ ಜಾರುತ್ತದೆ. ಇಳಿದು ನೂಕುವುದೇ ಮರ್ಯಾದೆ. ಜಾಲಿ ಮುಳ್ಳಂತೂ ವರ್ಷವಿಡೀ. 35ರ ಟೈರು ಹಾಕಿಸಿದ ಮೇಲೆ ಪಂಕ್ಚರ್ ಕಡಿಮೆಯಾಗಿದೆ, ವೇಗವೂ ಕಡಿಮೆಯಾಗಿದೆ, ನನಗೆ ಬೇಸರವಿಲ್ಲ.

ಗದಗಿನಿಂದ ಸೈಕಲ್ ಮೇಲೆ ಹೋಗಬಹುದಾದ ಇನ್ನೊಂದು ಗುಡಿಯ ಊರು ಡಂಬಳವನ್ನೂ ನೋಡಿದ್ದೇನೆ. ದೊಡ್ಡಬಸಪ್ಪನ ಗುಡಿಯ 24 ಮೂಲೆಯ ನಕ್ಷತ್ರದ ತಳವಿನ್ಯಾಸಕ್ಕೆ ಇನ್ನೊಮ್ಮೆ ಹೋಗಬೇಕೆನಿಸುತ್ತದೆ. ಆದರೆ ಹೋಗಿಬರಲು 40 ಕಿ.ಮೀ., ಹೊಸಬರಿಗೆ ಹೇಳಲಾರೆ.

ಲಕ್ಕುಂಡಿಯ ಇನ್ನೊಂದು ಲಾಭ, ಮುಟ್ಟಿದ ಮೇಲೂ ಸೈಕಲ್ಲೇ ಸರಿಯಾದ ವಾಹನ. ಕಾರಿನವರು ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರ ಎರಡು ನೋಡಿ ಹೊರಡುತ್ತಾರೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿಯಿಂದ ಓಣಿ ಓಣಿ ಹಿಡಿದು ಹೋದರೆ ಯಾರದೋ ಹಿತ್ತಲಿನ ಮಗ್ಗುಲಲ್ಲಿ ಗುಡಿ, ದನ ಕಟ್ಟಿದ ಗೋಡೆಯಾಚೆ ಬಾವಿ. 101 ಗುಡಿ, 101 ಬಾವಿ ಎಂಬ ಮಾತು ಊರಲ್ಲಿದೆ. ನಾನು ಹೆಚ್ಚು ಹೊತ್ತು ಕೂರುವುದು ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ. ಕೆಳಗಿಳಿಯುತ್ತಾ ಹೋದರೆ ಗೋಡೆಯಲ್ಲಿ ಗೇಣಳತೆಯಲ್ಲಿ ಕೊರೆದಂಥ ಪುಟ್ಟ ಪುಟ್ಟ ಗುಡಿಗೂಡುಗಳು. ಬಿಸಿಲಲ್ಲಿ ಬಂದ ಬೆನ್ನಿಗೆ ಆ ಕಲ್ಲಿನ ತಂಪು ತಾಗಿದಾಗ ಹೋಲಿಕೆ ಗೀಲಿಕೆ ಮರೆತೇಹೋಗುತ್ತದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳ ಇಲ್ಲಿ ನೆಲೆಯೂರಿದ್ದನಂತೆ. ಬಾವಿ ನೋಡಿದರೆ ಅಚ್ಚರಿಯಿಲ್ಲ.

ಈಗ ನನ್ನ ಲೆಕ್ಕ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಗಾಳಿ ಮೂಡಣದ್ದು: ಬೆಳಗ್ಗೆ ಆರಕ್ಕೆ, ಗಾಳಿ ಏಳುವ ಮುನ್ನ, ಕಣಗಿನಹಾಳದ ದಾರಿಯಲ್ಲಿ ಹೋಗಿ, ಬೆನ್ನಗಾಳಿಯಲ್ಲಿ ಹೆದ್ದಾರಿ ಹಿಡಿದು ಬನ್ನಿ. ಹತ್ತರೊಳಗೆ ಗದಗಿನಲ್ಲಿ ಬದನಿಕಾಯಿ ಭಜಿ. ಮಳೆಗಾಲದಲ್ಲಿ ಇದನ್ನೇ ತಿರುವಿ: ಹೆದ್ದಾರಿಯಲ್ಲಿ ಹೋಗಿ, ಹಳ್ಳಿ ದಾರಿಯಲ್ಲಿ ಬನ್ನಿ. ಎದುರುಗಾಳಿ ಅಲ್ಲೂ ಇದ್ದೇ ಇರುತ್ತದೆ, ಲಾರಿ ಇರುವುದಿಲ್ಲ, ನಡುವೆ ಚಹಾ ಸಿಗುತ್ತದೆ. ಎರಿ ಮಣ್ಣು ಕೆರೆಯಲು ಗಟ್ಟಿಯಾದದ್ದೊಂದು ಜೊತೆಗಿರಲಿ. ನಾನು ಸೀಟಿನ ಚೀಲದಲ್ಲಿ ಒಂದು ಸ್ಟೀಲ್ ಚಮಚ ಇಟ್ಟಿದ್ದೇನೆ. ಅಡಿಗೆಮನೆಯಲ್ಲಿ ಅದನ್ನು ಇನ್ನೂ ಹುಡುಕುತ್ತಿದ್ದಾರೆ.