ಶಸ್ತ್ರಚಿಕಿತ್ಸೆಯಾದ ಮೂಗಿಗೆ ಫಿಲ್ಲರ್: ದಯವಿಟ್ಟು ಹಾಕಿಸಿಕೊಳ್ಳಬೇಡಿ

ಮೂಗಿಗೆ ಒಮ್ಮೆ ಶಸ್ತ್ರಚಿಕಿತ್ಸೆ ಆಗಿ, ಅದು ಮನಸ್ಸಿಗೆ ಒಪ್ಪದೆ, ಎರಡನೆಯದಕ್ಕೆ ದಿನ ಎಣಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಫಿಲ್ಲರ್ ಎಂದರೆ ತಗ್ಗು ತುಂಬಲು ಚರ್ಮದಡಿಗೆ ಸೂಜಿಯಿಂದ ಚುಚ್ಚುವ ಪದಾರ್ಥ. ‘ಅಲ್ಲಿಯವರೆಗೆ ಸ್ವಲ್ಪ ಫಿಲ್ಲರ್ ಹಾಕೋಣ, ಹದಿನೈದು ನಿಮಿಷದ ಕೆಲಸ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾನು ಒಪ್ಪಿದೆ. ನನ್ನ ಮೂಗಿನ ತುದಿಯಲ್ಲಿ ಹುರುಳಿಕಾಳಿನಷ್ಟು ಚರ್ಮ ಸತ್ತು ಉದುರಿತು. ಎರಡನೇ ಶಸ್ತ್ರಚಿಕಿತ್ಸೆ ಒಂದು ವರ್ಷಕ್ಕೂ ಹೆಚ್ಚು ಮುಂದಕ್ಕೆ ಹೋಯಿತು. ಕಣ್ಣು ಉಳಿದದ್ದೇ ದೊಡ್ಡದು ಎಂದು ವೈದ್ಯರು ಆಮೇಲೆ ಹೇಳಿದರು; ಮೂಗಿಗೂ ಕಣ್ಣಿಗೂ ಏನು ಸಂಬಂಧ ಎಂದು ಕೇಳುವಷ್ಟೂ ಅರಿವಿಲ್ಲದೆ ನಾನು ಆ ಸೂಜಿಗೆ ಮುಖ ಒಡ್ಡಿದ್ದೆ.

2021ರ ಕೊನೆಯಲ್ಲಿ ಸ್ಕೂಟರ್‌ನಿಂದ ಬಿದ್ದು ಮೂಗಿನ ಮೂಳೆ ಮುರಿದಿತ್ತು. ಒಳಗಿನ ನಡುಗೋಡೆ ವಾಲಿಕೊಂಡು ಎಡ ಹೊಳ್ಳೆಯಲ್ಲಿ ಉಸಿರೇ ಆಡುತ್ತಿರಲಿಲ್ಲ. ಮರುವರ್ಷ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಎರಡು ಹೊಳ್ಳೆಗಳ ನಡುವಿನ ಚರ್ಮದ ಕಂಬವನ್ನು ಅಡ್ಡಕ್ಕೆ ಕೊಯ್ದು ಚರ್ಮವನ್ನು ಮೇಲಕ್ಕೆ ಎತ್ತಿ ಮಾಡುವ ತೆರೆದ ವಿಧಾನ. ಉಸಿರಾಟ ಚೆನ್ನಾಗಿಯೇ ಸರಿಹೋಯಿತು. ಊತ ಇಳಿಯುತ್ತ ಬಂದ ಹಾಗೆ ಮೂಗಿನ ಬೆನ್ನಿನ ಎಡಗಡೆ ಒಂದು ತಗ್ಗು ಕಾಣಿಸಿಕೊಂಡಿತು. ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ಕಾಣುವಂಥದ್ದು ಎಂದು ಮನೆಯವರೆಲ್ಲ ಹೇಳುತ್ತಿದ್ದರು; ನನಗೆ ಎಲ್ಲ ಬೆಳಕಿನಲ್ಲೂ ಕಾಣುತ್ತಿತ್ತು. ಶಸ್ತ್ರಚಿಕಿತ್ಸಕರು ಅವಸರ ಬೇಡ ಎಂದಿದ್ದರು. ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷ ಸಾಲುವುದಿಲ್ಲ, ಚರ್ಮ ಮೆತ್ತಗಾಗಲಿ, ಆಮೇಲೆ ಸರಿಪಡಿಸೋಣ ಎಂಬುದು ಅವರ ಮಾತು. ಅಷ್ಟರಲ್ಲಿ ನನ್ನ ನಿಶ್ಚಿತಾರ್ಥದ ದಿನ ಗೊತ್ತಾಯಿತು. ಫೋಟೋಗಳ ಚಿಂತೆ ಹಿಡಿಯಿತು.

ಚರ್ಮದ ಕ್ಲಿನಿಕ್ಕೊಂದರಲ್ಲಿ ವಿಚಾರಿಸಿದೆ. ‘ತಾತ್ಕಾಲಿಕ’ ಎಂಬ ಪದವನ್ನು ಅಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಫಿಲ್ಲರ್ ತಾತ್ಕಾಲಿಕ, ಊತ ತಾತ್ಕಾಲಿಕ, ನೋವು ತಾತ್ಕಾಲಿಕ. ಎರಡನೇ ಶಸ್ತ್ರಚಿಕಿತ್ಸೆಯ ನಂತರ ಮೂಗು ಹೇಗಿರುತ್ತದೆಂದು ಮೊದಲೇ ನೋಡಿಕೊಂಡಂತೆಯೂ ಆಗುತ್ತದೆ, ಇಷ್ಟವಾಗದಿದ್ದರೆ ಕರಗಿಸಬಹುದು ಎಂದರು. ಹಿಂದೆ ಶಸ್ತ್ರಚಿಕಿತ್ಸೆ ಆಗಿದೆ ಎಂದು ನಾನಾಗಿಯೇ ಹೇಳಿದೆ. ‘ತೊಂದರೆ ಇಲ್ಲ, ಎಷ್ಟೋ ಜನ ಹಾಗೆಯೇ ಬರುತ್ತಾರೆ’ ಎಂಬ ಉತ್ತರ ಬಂತು. ಯಾವ ವಿಧಾನದ ಶಸ್ತ್ರಚಿಕಿತ್ಸೆ, ಯಾವಾಗ ಆಯಿತು, ಮಾಡಿದವರು ಇದಕ್ಕೆ ಏನೆನ್ನುತ್ತಾರೆ ಎಂದು ಯಾರೂ ಕೇಳಲಿಲ್ಲ. ನಾಲ್ಕು ಪುಟದ ಸಮ್ಮತಿ ಪತ್ರಕ್ಕೆ ಓದದೆ ಸಹಿ ಹಾಕಿದೆ. ನನ್ನ ಮೊದಲ ವೈದ್ಯರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಬೇಡ ಎನ್ನುತ್ತಾರೆ ಎಂಬ ಅಳುಕಿನಿಂದಲೇ ಮಾಡಲಿಲ್ಲ.

ಅದು ಶನಿವಾರ ಸಂಜೆ. ಮೊದಲ ಎರಡು ಚುಚ್ಚು ಇರುವೆ ಕಚ್ಚಿದ ಹಾಗಿದ್ದವು. ಮೂರನೆಯದಕ್ಕೆ ತುದಿಯೊಳಗೆ ಕಾಸಿದ ಕಡ್ಡಿ ಇಟ್ಟಂತಾಗಿ ಕಿರುಚಿದೆ. ಕನ್ನಡಿ ಕೊಟ್ಟರು. ತಗ್ಗು ಇರಲಿಲ್ಲ, ಬೆನ್ನು ನೇರವಾಗಿತ್ತು. ಆದರೆ ತುದಿ ಸುಣ್ಣ ಬಳಿದಷ್ಟು ಬೆಳ್ಳಗೆ. ಮರಗಟ್ಟಿಸುವ ಔಷಧದಿಂದ ಹಾಗೆ ಎಂದು ಹೇಳಿ ಕಳಿಸಿದರು. ಮನೆಗೆ ಬಂದು ಊಟಕ್ಕೆ ಕೂತಾಗ ನೋವು ತಡೆಯಲಾಗಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ತುದಿಯಿಂದ ಎಡಪಕ್ಕಕ್ಕೆ, ಅಲ್ಲಿಂದ ಹುಬ್ಬಿನ ನಡುವಿನವರೆಗೆ ನೇರಳೆ ಬಣ್ಣದ ಬಲೆ ಹೆಣೆದಂತೆ ಗೆರೆಗಳು ಎದ್ದಿದ್ದವು. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ರಕ್ತ ಹೆಪ್ಪುಗಟ್ಟಿದ ಕಲೆ, ಐಸ್ ಇಡಿ, ನೋವಿಗೆ ಒಂದು ಮಾತ್ರೆ ತೆಗೆದುಕೊಳ್ಳಿ, ಸೋಮವಾರ ಬನ್ನಿ ಎಂದರು. ರಾತ್ರಿಯಿಡೀ ಐಸ್ ಇಟ್ಟೆ. ರಕ್ತವೇ ಹರಿಯದ ಜಾಗಕ್ಕೆ ಐಸ್ ಇಟ್ಟರೆ ಉಳಿದಿರುವ ನಾಳಗಳೂ ಕುಗ್ಗುತ್ತವೆ. ಇಡಬೇಕಾದದ್ದು ಬೆಚ್ಚನೆಯ ಬಟ್ಟೆ. ಇದನ್ನು ತಿಳಿದದ್ದು ಮಾರನೆಯ ದಿನ.

ನನ್ನ ಚಿಕ್ಕಮ್ಮನ ಮಗಳು ಸ್ಟಾಫ್ ನರ್ಸ್. ಬೆಳಿಗ್ಗೆ ವಿಡಿಯೋ ಕರೆಯಲ್ಲಿ ನನ್ನ ಮುಖ ನೋಡಿದವಳೇ, ‘ಅಕ್ಕ, ತುದಿಯನ್ನು ಬೆರಳಿನಿಂದ ಒತ್ತಿ ಬಿಡು, ಬಣ್ಣ ವಾಪಸ್ ಬರುವವರೆಗೆ ಎಣಿಸು’ ಎಂದಳು. ಕೆನ್ನೆಯ ಮೇಲೆ ಒತ್ತಿ ಬಿಟ್ಟರೆ ಒಂದು ಎನ್ನುವಷ್ಟರಲ್ಲಿ ಕೆಂಪು ಮರಳುತ್ತಿತ್ತು. ಮೂಗಿನ ತುದಿಯ ಮೇಲೆ ಏಳರವರೆಗೆ ಎಣಿಸಿದೆ. ಬಿಳಿ ಬಿಳಿಯಾಗಿಯೇ ಇತ್ತು. ‘ಯಾವ ಕ್ಲಿನಿಕ್ಕಿಗೂ ಹೋಗಬೇಡ. ಪ್ಲಾಸ್ಟಿಕ್ ಸರ್ಜನ್ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಈಗಲೇ ಹೊರಡು’ ಎಂದಳು. ಅವಳ ದನಿ ನಡುಗುತ್ತಿತ್ತು.

ಅಲ್ಲಿ ಮೊದಲು ಪರೀಕ್ಷಿಸಿದ್ದು ಮೂಗನ್ನಲ್ಲ, ಕಣ್ಣನ್ನು. ಆಮೇಲೆ ಕೇಳಿದ ಪ್ರಶ್ನೆ: ಹಾಕಿದ್ದು ಯಾವ ಫಿಲ್ಲರ್? ನನ್ನ ಹತ್ತಿರ ಉತ್ತರವಿರಲಿಲ್ಲ. ಬಿಲ್ಲಿನಲ್ಲಿ ಬರೀ ಹಣದ ಮೊತ್ತ ಮತ್ತು ‘ಮೂಗು’ ಎಂದಿತ್ತು. ಭಾನುವಾರ, ಕ್ಲಿನಿಕ್ಕಿನ ಫೋನ್ ಎತ್ತುವವರಿಲ್ಲ. ಈ ಪ್ರಶ್ನೆ ಎಷ್ಟು ಮುಖ್ಯವೆಂದರೆ, ಹೈಯಲುರಾನಿಕ್ ಆಮ್ಲದ ಫಿಲ್ಲರ್ ಆಗಿದ್ದರೆ ಹೈಯಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು. ಕ್ಯಾಲ್ಸಿಯಂ ಹೈಡ್ರಾಕ್ಸಿಲಾಪಟೈಟ್ ಆಗಿದ್ದರೆ ಈ ಕಿಣ್ವಕ್ಕೆ ಕರಗುವುದಿಲ್ಲ. ಸಿಲಿಕೋನ್ ದ್ರವವಾದರಂತೂ ಜೀವಮಾನವಿಡೀ ಅಲ್ಲೇ. ‘ಕರಗಿಸಬಹುದು’ ಎಂಬ ಮಾತು ಎಲ್ಲ ಫಿಲ್ಲರ್‌ಗೂ ಅನ್ವಯಿಸುವುದಿಲ್ಲ. ವೈದ್ಯರು ಉತ್ತರಕ್ಕೆ ಕಾಯದೆ ಕಿಣ್ವ ಚುಚ್ಚಲು ಶುರುಮಾಡಿದರು. ಗಂಟೆಗೊಮ್ಮೆ ನೋಡಿ ಮತ್ತೆ ಚುಚ್ಚಿದರು. ಜತೆಗೆ ಆಸ್ಪಿರಿನ್, ಬೆಚ್ಚನೆಯ ಬಟ್ಟೆ. ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ಕಡೆಯ ನೇರಳೆ ಗೆರೆಗಳು ಮಾಸಿದವು, ಪುಣ್ಯಕ್ಕೆ ಹಾಕಿದ್ದು ಕರಗುವಂಥದ್ದೇ ಆಗಿತ್ತು. ತುದಿಗೆ ಮಾತ್ರ ತಡವಾಗಿತ್ತು. ಎರಡು ದಿನದಲ್ಲಿ ಅಲ್ಲಿ ಬಿಳಿ ಕೀವಿನ ಗುಳ್ಳೆಗಳೆದ್ದವು, ಆಮೇಲೆ ಕಪ್ಪು ಹಕ್ಕಳೆ ಕಟ್ಟಿತು. ಮೂರು ವಾರಕ್ಕೆ ಹಕ್ಕಳೆ ಬಿದ್ದಾಗ ಅಲ್ಲೊಂದು ಕುಳಿ ಉಳಿದಿತ್ತು. ನಾನು ಮುಚ್ಚಲು ಹೋಗಿದ್ದ ತಗ್ಗಿಗಿಂತ ಅದು ಆಳವಾಗಿತ್ತು.

ಹೀಗೇಕಾಯಿತು ಎಂದು ಆ ವೈದ್ಯರು ಔಷಧದ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮೂಗಿನ ತುದಿಗೆ ರಕ್ತ ಕೆಳಗಿನಿಂದ ಹೊಳ್ಳೆಗಳ ನಡುವಿನ ಕಂಬದ ಮೂಲಕ ಬರುತ್ತದೆ, ಎರಡೂ ಪಕ್ಕಗಳಿಂದ ಮುಖದ ಅಪಧಮನಿಯ ಕವಲುಗಳಾಗಿ ಬರುತ್ತದೆ, ಮೇಲಿನಿಂದ ಮೂಗಿನ ಬೆನ್ನಿನ ಮೇಲೂ ಇಳಿಯುತ್ತದೆ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಕಂಬವನ್ನು ಕೊಯ್ಯುವಾಗ ಕೆಳಗಿನ ದಾರಿ ಕತ್ತರಿಸಿಹೋಗುತ್ತದೆ. ತುದಿ ಹೆಚ್ಚಾಗಿ ಪಕ್ಕದ ನಾಳಗಳನ್ನೇ ನಂಬಿಕೊಂಡು ಬದುಕುತ್ತದೆ. ಅದರಲ್ಲೊಂದು ಮುಚ್ಚಿದರೆ ಬದಲಿ ದಾರಿ ಕಡಿಮೆ. ಶಸ್ತ್ರಚಿಕಿತ್ಸೆ ಆಗದ ಮೂಗಿನಲ್ಲಿ ಚರ್ಮ, ಕೊಬ್ಬು, ಸ್ನಾಯು, ಮೃದ್ವಸ್ಥಿ (ಮೆತ್ತನೆಯ ಎಲುಬು) ಎಂದು ಪದರಗಳು ಬಿಡಿಯಾಗಿರುತ್ತವೆ. ದೊಡ್ಡ ನಾಳಗಳು ಮೇಲಿನ ಪದರದಲ್ಲಿ ಇರುವುದರಿಂದ ಮೂಳೆಗೆ ಹತ್ತಿರವಾಗಿ ಆಳದಲ್ಲಿ ಚುಚ್ಚುವುದು ರೂಢಿ. ಒಮ್ಮೆ ಕೊಯ್ದ ಮೂಗಿನಲ್ಲಿ ಆ ಪದರಗಳೆಲ್ಲ ಗಾಯದ ಗಟ್ಟಿ ಅಂಗಾಂಶದಲ್ಲಿ ಅಂಟಿಕೊಂಡಿರುತ್ತವೆ. ನಾಳ ಎಲ್ಲಿದೆ ಎಂಬ ಪಾಠದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸೂಜಿ ತಗುಲಿದರೆ ಜಾರಿಕೊಳ್ಳಲು ನಾಳಕ್ಕೆ ಜಾಗವೂ ಇರುವುದಿಲ್ಲ.

ಕಣ್ಣಿನ ವಿಷಯವೂ ಅದೇ ಚೀಟಿಯಲ್ಲಿತ್ತು. ಮೂಗಿನ ಬೆನ್ನಿನ ಮೇಲೆ ಇಳಿಯುವ ನಾಳ ಕಣ್ಣಿನ ಅಪಧಮನಿಯದೇ ಕವಲು. ಸೂಜಿ ಅದರೊಳಗೆ ಹೋಗಿ ಒತ್ತಡ ಬಿದ್ದರೆ ಫಿಲ್ಲರ್ ರಕ್ತಕ್ಕೆ ಎದುರಾಗಿ ಹಿಂದಕ್ಕೆ ನುಗ್ಗುತ್ತದೆ. ಒತ್ತಡ ಬಿಟ್ಟೊಡನೆ ರಕ್ತದ ಜತೆ ಮುಂದಕ್ಕೆ ಹರಿದು ಕಣ್ಣಿನ ಒಳಪರದೆಯಾದ ರೆಟಿನಾದ ನಾಳಕ್ಕೆ ಸೇರಿಕೊಳ್ಳಬಹುದು. ಫಿಲ್ಲರ್‌ನಿಂದ ದೃಷ್ಟಿಗೆ ತೊಂದರೆಯಾದ 98 ಪ್ರಕರಣಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವೈದ್ಯಕೀಯ ಸಮೀಕ್ಷೆಯಲ್ಲಿ ಸುಮಾರು ಕಾಲುಭಾಗದವರಿಗೆ ಚುಚ್ಚಿದ್ದು ಮೂಗಿನ ಭಾಗಕ್ಕೆ. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಫಿಲ್ಲರ್ ರಕ್ತನಾಳಕ್ಕೆ ಹೋಗುವ ಅಪಾಯದ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಲಕ್ಷಾಂತರ ಚುಚ್ಚುಮದ್ದುಗಳ ನಡುವೆ ಇದು ಅಪರೂಪ, ಒಪ್ಪುತ್ತೇನೆ. ಪಳಗಿದ ಕೈಯಲ್ಲೂ ಆಗಬಹುದಾದದ್ದು ಎಂಬುದೂ ನಿಜ. ಆದರೆ ಅಪರೂಪ ಎಂಬ ಮಾತು ನನ್ನಂಥ, ಈಗಾಗಲೇ ಕೊಯ್ದ ಮೂಗಿಗೆ ಬೇರೆಯೇ ಅರ್ಥ ಕೊಡುತ್ತದೆ ಎಂದು ಯಾರಾದರೂ ಹೇಳಬೇಕಿತ್ತು.

ಏನೂ ಅನಾಹುತ ಆಗದವರಿಗೂ ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ತೊಡಕಿದೆ. ಆರು ತಿಂಗಳು, ಒಂದು ವರ್ಷದಲ್ಲಿ ತಾನಾಗಿ ಕರಗುತ್ತದೆ ಎನ್ನುತ್ತಾರೆ; ಎಷ್ಟೋ ವರ್ಷಗಳ ನಂತರವೂ ಎಂಆರ್‌ಐ ಸ್ಕ್ಯಾನಿನಲ್ಲಿ ಮುಖದ ಫಿಲ್ಲರ್ ಕಂಡಿದೆ. ಒಳಗೆ ಅದು ಇರುವಾಗ ಮೂಗಿನ ನಿಜವಾದ ಆಕಾರ ಗೊತ್ತಾಗುವುದಿಲ್ಲ, ಮೂಗನ್ನು ಸರಿಪಡಿಸಲು ಬೇರೆಡೆಯಿಂದ ತೆಗೆದು ಕೂರಿಸುವ ಮೃದ್ವಸ್ಥಿ ಎಷ್ಟು ಬೇಕೆಂಬ ಲೆಕ್ಕ ತಪ್ಪುತ್ತದೆ. ಹಾಗಾಗಿ ಮೊದಲು ಕರಗಿಸಿ, ಊತ ಇಳಿಯಲು ಬಿಟ್ಟು, ಆಮೇಲೆ ಕತ್ತಿ ಹಿಡಿಯುತ್ತಾರೆ. ನನ್ನ ಎರಡನೇ ಶಸ್ತ್ರಚಿಕಿತ್ಸೆ 2024ರಲ್ಲಿ ಆಯಿತು. ನಡುಗೋಡೆಯ ಮೃದ್ವಸ್ಥಿ ಮೊದಲ ಸಲವೇ ಮುಗಿದಿದ್ದರಿಂದ ಕಿವಿಯಿಂದ ತೆಗೆಯುವ ಯೋಜನೆಯಿತ್ತು. ತುದಿ ಕುಸಿದಿದ್ದರಿಂದ ಅದು ಸಾಲದೆ ಪಕ್ಕೆಲುಬಿನಿಂದ ತೆಗೆಯಬೇಕಾಯಿತು. ಎದೆಯ ಕೆಳಗೆ ಎರಡು ಅಂಗುಲದ ಗಾಯದ ಗೆರೆ ಇದೆ. ಚರ್ಮ ಇನ್ನೂ ಹೆಚ್ಚು ಸತ್ತಿದ್ದರೆ ಹಣೆಯ ಚರ್ಮವನ್ನು ತಿರುಗಿಸಿ ಮೂಗಿಗೆ ಹೊಲಿಯಬೇಕಾಗುತ್ತಿತ್ತು ಎಂದರು. ಜಗತ್ತು ‘ಭಾರತೀಯ ವಿಧಾನ’ ಎಂದು ಕರೆಯುವ, ಮೂಗು ಕಳೆದುಕೊಂಡವರಿಗೆ ಮಾಡುತ್ತಿದ್ದ ಆ ಹಳೆಯ ಶಸ್ತ್ರಚಿಕಿತ್ಸೆ ನನ್ನ ಬಾಗಿಲವರೆಗೆ ಬಂದು ಹೋಗಿತ್ತು.

ನಿಶ್ಚಿತಾರ್ಥಕ್ಕೆ ಅಮ್ಮ ತನ್ನ ಏಳು ಹರಳಿನ ಮೂಗುಬೊಟ್ಟನ್ನು ತೊಳೆದು, ಹತ್ತಿಯಲ್ಲಿ ಸುತ್ತಿ ಇಟ್ಟಿದ್ದಳು. ಆ ದಿನ ನನ್ನ ಮೂಗಿನ ಮೇಲೆ ಪಟ್ಟಿ ಇತ್ತು. ಇವತ್ತಿಗೂ ಎಡ ಹೊಳ್ಳೆಯನ್ನು ಚುಚ್ಚಿಸಲು ವೈದ್ಯರು ಒಪ್ಪಿಲ್ಲ.

ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಲು ಕುಳಿತಾಗ ನನ್ನ ಕೈಯಲ್ಲಿದ್ದದ್ದು ಆ ಬಿಲ್ಲು ಮಾತ್ರ. ಫಿಲ್ಲರ್ ಸಿರಿಂಜಿನ ಜತೆ ಹೆಸರು ಮತ್ತು ಬ್ಯಾಚ್ ಸಂಖ್ಯೆ ಇರುವ ಅಂಟುಚೀಟಿ ಬರುತ್ತದೆ, ಅದು ರೋಗಿಯ ಕಡತಕ್ಕೆ ಅಂಟಿಸಲೆಂದೇ ಇರುವುದು. ಮುಖದ ಯಾವ ಭಾಗಕ್ಕೇ ಹಾಕಿಸಿಕೊಂಡಿದ್ದರೂ ಅದನ್ನು ಇಂದೇ ಕೇಳಿ ಪಡೆಯಿರಿ. ಹೈಯಲುರಾನಿಡೇಸ್ ಕೈಗೆಟಕುವಂತೆ ಇಟ್ಟುಕೊಳ್ಳದ ಜಾಗದಲ್ಲಿ ಕುರ್ಚಿಯ ಮೇಲೆ ಕೂರಲೂ ಬೇಡಿ. ಹಿಂದೆ ಎಂದೋ ಹಾಕಿಸಿಕೊಂಡದ್ದನ್ನು ಎರಡನೇ ಶಸ್ತ್ರಚಿಕಿತ್ಸೆ ಮಾಡುವವರಿಂದ ಮುಚ್ಚಿಡಬೇಡಿ, ಐದು ವರ್ಷವಾಗಿದ್ದರೂ ಹೇಳಿ.

ಈಗಾಗಲೇ ಚುಚ್ಚಿಸಿಕೊಂಡು ಬಂದು, ನೋವು ಏರುತ್ತಿದೆ, ಚರ್ಮ ಬೆಳ್ಳಗಾಗಿದೆ ಅಥವಾ ನೇರಳೆ ಬಲೆ ಎದ್ದಿದೆ ಎಂದರೆ ಐಸ್ ಇಡಬೇಡಿ. ಒತ್ತಿ ಬಿಟ್ಟು ಎಣಿಸಿ. ಮೂರಾದರೂ ಬಣ್ಣ ಮರಳದಿದ್ದರೆ ಪ್ಲಾಸ್ಟಿಕ್ ಸರ್ಜನ್ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ಕಣ್ಣು ಮಂಜಾದರೆ, ನೋವೆದ್ದರೆ, ರೆಪ್ಪೆ ಜೋತರೆ ಎಣಿಸುತ್ತಲೂ ಕೂರಬೇಡಿ, ರೆಟಿನಾ ರಕ್ತವಿಲ್ಲದೆ ಹೆಚ್ಚು ಹೊತ್ತು ತಾಳುವುದಿಲ್ಲ. ಕ್ಲಿನಿಕ್ಕಿನವರು ಸೋಮವಾರ ಬನ್ನಿ ಎಂದರೂ ಕಾಯಬೇಡಿ.