ಗ್ಲೈಕಾಲ್, ಪಿವಿಪಿ, ಪಿವಿಕ್ಯಾಪ್: ಹೈಡ್ರೇಟ್ ಹರಳನ್ನು ಯಾವುದು ತಡೆಯಿತು?

ಎಂಎಸ್ಸಿ ಪ್ರಾಜೆಕ್ಟ್‌ಗೆ ಗ್ಯಾಸ್ ಹೈಡ್ರೇಟ್ ಹಿಡಿದುಕೊಂಡಿದ್ದೆ. ನೀರಿನ ಅಣುಗಳು ಪಂಜರ ಕಟ್ಟಿ ಒಳಗೆ ಅನಿಲವನ್ನು ಕೂಡಿಹಾಕಿದರೆ ಆಗುವ ಹರಳು ಇದು. ನೋಡಲು ಮಂಜುಗಡ್ಡೆಯೇ. ಗ್ಯಾಸ್ ಪೈಪುಗಳು ಕಟ್ಟಿಕೊಳ್ಳಲು ಇದೇ ಕಾರಣ ಎಂದು 1934ರಲ್ಲಿ ಹ್ಯಾಮರ್‌ಶ್ಮಿಟ್ ತೋರಿಸಿದರು. ಇದನ್ನು ತಡೆಯಲು ಬೆರೆಸುವ ಮೂರು ವಸ್ತುಗಳನ್ನು ಹೋಲಿಸಿ ನೋಡಿದೆ.

ಮೀಥೇನ್ ಹೈಡ್ರೇಟ್‌ಗೆ 4 ಡಿಗ್ರಿಯಲ್ಲೂ ಗಾಳಿಯ ಒತ್ತಡದ ಸುಮಾರು 40 ಪಟ್ಟು ಬೇಕು. ಮೈಸೂರಿನ ನಮ್ಮ ಲ್ಯಾಬಿನಲ್ಲಿ ಅದೆಲ್ಲಿ ಬರಬೇಕು? ಹಾಗಾಗಿ ಅನಿಲದ ಬದಲು ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯುರಾನ್) ಎಂಬ ದ್ರವ ತೆಗೆದುಕೊಂಡೆ. ತೂಕದಲ್ಲಿ 19 ಪಾಲು ಅದು, 81 ಪಾಲು ನೀರು. ಒತ್ತಡವಿಲ್ಲದೆಯೇ 4.4 ಡಿಗ್ರಿಯ ಕೆಳಗೆ ಹರಳು ಕಟ್ಟುತ್ತದೆ. ನಾನು 1 ಡಿಗ್ರಿಯಲ್ಲಿಟ್ಟೆ. ಸೊನ್ನೆಗಿಂತ ಮೇಲಿರುವುದರಿಂದ ಕಂಡದ್ದು ಬರೀ ಐಸ್ ಅಲ್ಲ ಎಂಬ ಧೈರ್ಯ. (ಟಿಎಚ್‌ಎಫ್ ಬೇಗ ಹೊತ್ತಿಕೊಳ್ಳುತ್ತದೆ. ಮನೆ ಫ್ರಿಜ್‌ನಲ್ಲಿ ಬೇಡ.) ಪ್ರತಿ ಟ್ಯೂಬಿಗೂ ಒಂದು ಚೂರು ಹೈಡ್ರೇಟ್ ಹಾಕಿದೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಏನೂ ಬೆರೆಸದ ಟ್ಯೂಬಿನಲ್ಲಿ ಎಂಟು ಮುಖದ ಹರಳು ಬೆಳೆಯಿತು, ಗಾಜಿನಷ್ಟು ತಿಳಿ.

ಎಥಿಲೀನ್ ಗ್ಲೈಕಾಲ್ (ರೇಡಿಯೇಟರ್ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವ) ಶೇಕಡ 5 ಹಾಕಿದರೆ ದಂಡ, ಹರಳು ಬಂದೇ ಬಂತು. ಶೇಕಡ 20ಕ್ಕೆ ಹೆಪ್ಪಿನ ಚೂರೇ ಕರಗಿಹೋಯಿತು. ಗ್ಲೈಕಾಲ್ ಹರಳು ಕಟ್ಟುವ ತಾಪವನ್ನೇ ಕೆಳಗಿಳಿಸುತ್ತದೆ. ಕೆಲಸ ಗಟ್ಟಿ, ಆದರೆ ಬಕೆಟ್‌ಗಟ್ಟಲೆ ಸುರಿಯಬೇಕು.

ಪಿವಿಪಿ (ಪಾಲಿವಿನೈಲ್ ಪೈರೊಲಿಡೋನ್) ಎಂಬ ಪಾಲಿಮರ್ ಬೇರೆ ಜಾತಿ. ಶೇಕಡ 0.1 ಹಾಕಿದ್ದೆ, ಅಷ್ಟೇ. ಎಂಟು ಮುಖ ಮಾಯವಾಗಿ ತೆಳು ತಗಡಿನಂಥ ಹರಳು ಬಂತು! ಪಾಲಿಮರ್‌ನ ಉಂಗುರಗಳು ಅರ್ಧ ಕಟ್ಟಿದ ಪಂಜರಗಳ ಬಾಯಿಗೆ ಅಂಟಿ ಕೂರುತ್ತವೆ. ಆ ಮುಖ ಮುಂದೆ ಬೆಳೆಯದೆ ಹರಳು ಪಕ್ಕಕ್ಕೆ ಹರಡುತ್ತದೆ. ಮಂಡ್ಯದ ಆಲೆಮನೆಯ ನಮ್ಮ ಮಾವನಿಗೆ ಹೇಳಿದರೆ, "ಹಳಸಿದ ಕಬ್ಬಿನ ಹಾಲಲ್ಲಿ ಬೆಲ್ಲ ಅಚ್ಚಿಗೆ ಕೂರಲ್ಲ, ಅಂಗೇ ಅಲ್ವಾ?" ಎಂದರು. ಹೆಚ್ಚುಕಡಿಮೆ ಹಾಗೇ. ಅಲ್ಲಿ ಸಕ್ಕರೆ ಒಡೆದು ಆದ ಗ್ಲೂಕೋಸ್, ಫ್ರಕ್ಟೋಸ್ ಹರಳಿಗೆ ಅಡ್ಡ ಬರುತ್ತವೆ.

ಪಿವಿಕ್ಯಾಪ್ (ಪಾಲಿವಿನೈಲ್ ಕ್ಯಾಪ್ರೊಲ್ಯಾಕ್ಟಮ್) ಕೂಡ ಪಾಲಿಮರ್. ಅದೇ ಶೇಕಡ 0.1ಕ್ಕೆ ಹೆಪ್ಪಿನ ಚೂರನ್ನು ಸಂಜೆಯವರೆಗೂ ಹಾಗೇ ನಿಲ್ಲಿಸಿತು. ಅದರ ಉಂಗುರ ಏಳು ಕೊಂಡಿಯದು, ಪಿವಿಪಿಯದು ಐದು. ಆದರೆ ಒಂದು ರಾತ್ರಿ ಥರ್ಮೋಸ್ಟಾಟ್ ಕೈಕೊಟ್ಟು ತಾಪ ಸೊನ್ನೆಗಿಂತ ಕೆಳಗಿಳಿಯಿತು. ಬೆಳಗ್ಗೆ ಎರಡೂ ಪಾಲಿಮರ್ ಟ್ಯೂಬು ಗಟ್ಟಿ. ಇವು ಸಮಯ ಕೊಡುತ್ತವೆ, ಅಷ್ಟೇ.

ಇನ್ನೊಂದು ತರಲೆ: ಏಪ್ರಿಲ್ ಮಧ್ಯಾಹ್ನ ಮೇಜಿನ ಮೇಲಿದ್ದ ಪಿವಿಕ್ಯಾಪ್ ದ್ರಾವಣ ಮಜ್ಜಿಗೆಯಾಗಿತ್ತು. ಅದು ಬಿಸಿ ನೀರಿನಲ್ಲಿ ಕರಗುವುದಿಲ್ಲ. ತಣ್ಣಗಾದರೆ ಮತ್ತೆ ತಿಳಿ. ಇದು ಗೊತ್ತಿಲ್ಲದೆ ಒಂದು ಬಾಟಲಿ ಸುಮ್ನೆ ಚೆಲ್ಲಿದ್ದೆ.