ಜಾಂಗೊ 5.2: ಗಡಿನಾಡಿನ ಅಡಿಕೆ ಲೆಕ್ಕಕ್ಕೆ ಎಷ್ಟು ಸರಿ?

ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆ ಅಡಿಕೆ ಖರೀದಿಗೆ ವೆಬ್ ತಂತ್ರಾಂಶ ಕಟ್ಟುವುದಾದರೆ ಬೇಕಾದದ್ದು ತೂಕ, ದರ್ಜೆ, ದರ, ಪಾವತಿ. ಜೊತೆಗೆ ಅದೇ ಪುಟ ಕನ್ನಡದಲ್ಲೂ ಮಲಯಾಳದಲ್ಲೂ ಕಾಣಬೇಕು. ಇಷ್ಟಕ್ಕೆ ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜಾಂಗೊ ಧಾರಾಳ ಸಾಕು. ದುಡ್ಡು ಕೊಡಬೇಕಿಲ್ಲ. 2025ರ ಏಪ್ರಿಲ್‌ನಲ್ಲಿ ಬಂದ 5.2ಕ್ಕೆ 2028ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿಗಳು ಸಿಗುತ್ತವೆ. ಪೈಥಾನ್ 3.10 ಅಥವಾ ಮೇಲಿನದಿರಲಿ.

ಇದರ ದೊಡ್ಡ ಬಲ ಅಡ್ಮಿನ್, ಅಂದರೆ ದತ್ತಾಂಶ ನೋಡಿಕೊಳ್ಳುವ ಸಿದ್ಧ ಪುಟಗಳು. ಮಾಡೆಲ್ (ದತ್ತಾಂಶದ ರಚನೆ) ಬರೆದು ನೋಂದಾಯಿಸಿದರೆ ಸಾಕು, ಪಟೋರ, ಉಳ್ಳಿ, ಕೋಕ ಎಂದು ದರ್ಜೆ ಸೇರಿಸುವ, ತಿದ್ದುವ ಪುಟಗಳು ತಯಾರು. ಭಾಷೆ ಬದಲಾಗಬೇಕಾದರೆ ಮಿಡಲ್‌ವೇರ್ (ಪ್ರತಿ ಕೋರಿಕೆ ಹಾದುಹೋಗುವ ಪದರ) ಪಟ್ಟಿಯಲ್ಲಿ ಲೊಕೇಲ್ ಮಿಡಲ್‌ವೇರ್ ಅನ್ನು ಸೆಷನ್ ಮಿಡಲ್‌ವೇರ್‌ನ ಕೆಳಗೆ, ಕಾಮನ್ ಮಿಡಲ್‌ವೇರ್‌ನ ಮೇಲೆ ಇಡಿ. ಅನುವಾದ ಬರೆದೂ ಪುಟದಲ್ಲಿ ಕಾಣದಿದ್ದರೆ ಅನುವಾದಗಳಿರುವ ಪಿಓ ಕಡತದಲ್ಲಿ ‘ಫಜ್ಜಿ’ (ಖಚಿತವಲ್ಲ ಎಂಬ) ಗುರುತು ಉಳಿದಿದೆಯೇ ನೋಡಿ. ಆ ಗುರುತಿರುವ ಸಾಲನ್ನು ಕಂಪೈಲ್ ಮಾಡುವಾಗ ಬಿಟ್ಟುಬಿಡುತ್ತದೆ.

ಕನ್ನಡಕ್ಕೆ ನಿಜವಾಗಿ ಕೈಕೊಡುವುದು ಸ್ಲಗಿಫೈ. ಹೆಸರಿನಿಂದ ವೆಬ್ ವಿಳಾಸ ಮಾಡಿಕೊಡುವ ಈ ಫಂಕ್ಷನ್ನಿಗೆ ‘ಕಾಸರಗೋಡು’ ಕೊಟ್ಟರೆ ಸಿಗುವುದು ಖಾಲಿ ಪದ. ಇಂಗ್ಲಿಷಲ್ಲದ ಅಕ್ಷರಗಳನ್ನೂ ಉಳಿಸಿಕೊಳ್ಳುವ ‘ಅಲೌ ಯುನಿಕೋಡ್’ ಆಯ್ಕೆ ಹಾಕಿದರೆ ‘ಕಸರಗಡ’! ಮಂಜೇಶ್ವರ ‘ಮಜಶವರ’ ಆಗುತ್ತದೆ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) ಗುಣಿತಾಕ್ಷರದ ಚಿಹ್ನೆ, ಅನುಸ್ವಾರ, ಅರ್ಧಾಕ್ಷರ ಚಿಹ್ನೆ ಯಾವುದನ್ನೂ ಅಕ್ಷರವೆಂದು ಎಣಿಸುವುದಿಲ್ಲ; ಸ್ಲಗಿಫೈ ಅವನ್ನೆಲ್ಲ ಕಸವೆಂದು ಗುಡಿಸುತ್ತದೆ. ಬೇಳ ಎಂಬ ಊರು, ಬಾಳೆ ಎಂಬ ಬೆಳೆ, ಎರಡೂ ‘ಬಳ’. ಈ ವಿಳಾಸ ಇಡುವ ಕಾಲಂ ಯುನೀಕ್ (ಒಂದೇ ಪದ ಎರಡು ಸಲ ಬಾರದಂತೆ) ಆಗಿದ್ದರೆ ಎರಡನೆಯದನ್ನು ಉಳಿಸುವಾಗ ಇಂಟೆಗ್ರಿಟಿ ಎರರ್. ಮಲಯಾಳಕ್ಕೂ ಇದೇ ಗತಿ. ವಿಳಾಸದಲ್ಲಿ ಕ್ರಮಸಂಖ್ಯೆ ಬಳಸಿ, ಇಲ್ಲವೇ ಇಂಗ್ಲಿಷ್ ಅಕ್ಷರದ ಹೆಸರಿಗೆಂದೇ ಬೇರೆ ಕಾಲಂ ಇಡಿ.

ತೂಕಕ್ಕೂ ದುಡ್ಡಿಗೂ ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ಬೇಡ, ನಿಖರವಾಗಿ ಇಡುವ ಡೆಸಿಮಲ್ ಫೀಲ್ಡ್ ಹಾಕಿ. ಒಟ್ಟು 8 ಅಂಕೆ, ದಶಮಾಂಶದ ನಂತರ 3 ಇಟ್ಟರೆ 99,999 ಕಿಲೊ 999 ಗ್ರಾಂವರೆಗೆ ಗ್ರಾಂ ಲೆಕ್ಕ ತಪ್ಪುವುದಿಲ್ಲ. ಇಬ್ಬರು ಗುಮಾಸ್ತರು ಒಂದೇ ರಾಶಿಯಿಂದ ಒಮ್ಮೆಗೇ ತೂಕ ಕಳೆದರೆ ಒಬ್ಬರ ಕಳೆತ ಮಾಯವಾಗಬಹುದು. ಅದಕ್ಕೆ ಅಟಾಮಿಕ್ (ಪೂರ್ತಿ ಆಗುವ, ಇಲ್ಲವೇ ಏನೂ ಆಗದ ವಹಿವಾಟು) ಒಳಗೆ, ಒಬ್ಬರು ಮುಗಿಸುವವರೆಗೆ ಆ ಸಾಲಿಗೆ ಬೀಗ ಹಾಕುವ ಸೆಲೆಕ್ಟ್ ಫಾರ್ ಅಪ್‌ಡೇಟ್ ಬೇಕು. ಒಂದೇ ಕಡತದ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ನಲ್ಲಿ ಈ ಬೀಗ ಇದ್ದೂ ಇಲ್ಲದ ಹಾಗೆ, ದೂರನ್ನೂ ಹೇಳದು. ಆದ್ದರಿಂದ ಪರೀಕ್ಷೆಯನ್ನೂ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲೇ ಮಾಡಿ.

ಸರ್ವರ್‌ಗೆ ಏರಿಸುವಾಗ ಅಭ್ಯಾಸಕ್ಕಷ್ಟೇ ಇರುವ ರನ್‌ಸರ್ವರ್ ಅಲ್ಲ, ಜಾಂಗೊವನ್ನು ಓಡಿಸಲು ಗುನಿಕಾರ್ನ್, ಅದರ ಮುಂದೆ ಕೋರಿಕೆಗಳನ್ನು ಮೊದಲು ಪಡೆಯುವ ವೆಬ್ ಸರ್ವರ್ ಎಂಜಿನ್‌ಎಕ್ಸ್. ಗುನಿಕಾರ್ನ್ ಏನೂ ಹೇಳದಿದ್ದರೆ ಒಂದೇ ವರ್ಕರ್ (ಕೋರಿಕೆಗೆ ಉತ್ತರಿಸುವ ಪ್ರಕ್ರಿಯೆ) ಎಬ್ಬಿಸುತ್ತದೆ. ಪ್ರೊಸೆಸರಿನ ಕೋರ್‌ಗಳ ಎರಡರಷ್ಟು, ಮೇಲೊಂದು, ಇದು ವಾಡಿಕೆ. 30 ಸೆಕೆಂಡು ಉತ್ತರ ಕೊಡದ ವರ್ಕರನ್ನು ಅದೇ ಕೊಲ್ಲುತ್ತದೆ, ಹಾಗಾಗಿ ವರ್ಷದ ಲೆಕ್ಕದ ಪಿಡಿಎಫ್ ಅನ್ನು ಹಿನ್ನೆಲೆಯಲ್ಲಿ ಕೆಲಸ ಮಾಡುವ ಸೆಲರಿ (Celery) ತಂತ್ರಾಂಶಕ್ಕೆ ವಹಿಸಿ. ಚೀಟಿಯ ಫೋಟೊ ಮೊಬೈಲಿನಿಂದ ಏರಿಸುವಾಗ 413 ದೋಷ (ಕಡತ ಮಿತಿಗಿಂತ ದೊಡ್ಡದು) ಬಂದರೆ ತಪ್ಪು ಜಾಂಗೊದ್ದಲ್ಲ: ಎಂಜಿನ್‌ಎಕ್ಸ್‌ನ ಮಿತಿ ಮೊದಲಿಗೆ 1 ಎಂಬಿ, ಅದನ್ನು 10ಕ್ಕೆ ಏರಿಸಿ.